ಕಂಟ್ರೋಲ್-ಆರ್ ಹುಡುಕಾಟದ ನಂತರ ಕರ್ಸರ್ ಸಾಲಿನ ಕೊನೆಗೆ ಬರಬೇಕಾದರೆ ಏನು ಮಾಡಬೇಕು?

ಟರ್ಮಿನಲ್‌ನಲ್ಲಿ ನಾವು ಬರೆದ ಕಮಾಂಡ್ ಓಡಿಸುವ ಬ್ಯಾಶ್ ಅನ್ನುವ ಶೆಲ್‌ನಲ್ಲಿ ಕಂಟ್ರೋಲ್-ಆರ್ ಒತ್ತಿ ಹಳೆಯ ಕಮಾಂಡ್ ಹುಡುಕಿದರೆ ಕರ್ಸರ್ ಸಾಲಿನ ನಡುವೆಯೇ ನಿಲ್ಲುತ್ತದೆ, ಅದನ್ನು ಕೊನೆಗೆ ತರುವುದು ಹೇಗೆ ಅಂತ ಕೇಳಿದ್ದೀರಿ. ಎಸ್ಕೇಪ್ ಒತ್ತುವ ಬದಲು ಕಂಟ್ರೋಲ್-ಇ ಒತ್ತಿ. ಅಷ್ಟೇ.

ನೀವು ಟೈಪ್ ಮಾಡಿದ ಅಕ್ಷರಗಳು ಸಾಲಿನಲ್ಲಿ ಎಲ್ಲಿ ಸಿಕ್ಕವೋ ಅಲ್ಲೇ ಕರ್ಸರ್ ಕೂರುತ್ತದೆ. ಇದೆಲ್ಲ ಬ್ಯಾಶ್ ಒಳಗಿದ್ದು, ಟೈಪ್ ಮಾಡುವ ಸಾಲನ್ನು ನೋಡಿಕೊಳ್ಳುವ ರೀಡ್‌ಲೈನ್ ಲೈಬ್ರರಿಯ ಕೆಲಸ. ಹುಡುಕಾಟಕ್ಕೆ ಸೇರದ ಬೇರೆ ಕಂಟ್ರೋಲ್ ಕೀ ಒತ್ತಿದರೆ ಅದು ಹುಡುಕಾಟ ನಿಲ್ಲಿಸಿ, ಆ ಕೀಯ ಕೆಲಸವನ್ನೂ ಮಾಡಿಬಿಡುತ್ತದೆ. ಹಾಗಾಗಿ ಕಂಟ್ರೋಲ್-ಎ ಒತ್ತಿದರೆ ಸಾಲಿನ ಮೊದಲಿಗೆ ಹೋಗುತ್ತೀರಿ. ಕಂಟ್ರೋಲ್-ಜಿ ಒತ್ತಿದರೆ ಮೊದಲು ಬರೆದಿದ್ದ ಸಾಲು ವಾಪಸ್ ಬರುತ್ತದೆ. ಎಂಟರ್ ಮಾತ್ರ ಹುಷಾರು, ಸಿಕ್ಕ ಕಮಾಂಡ್ ತಕ್ಷಣ ಓಡಿಬಿಡುತ್ತದೆ.

ರೀಡ್‌ಲೈನ್‌ನ ಸೆಟ್ಟಿಂಗ್ ಇಡುವ ಇನ್‌ಪುಟ್‌ಆರ್‌ಸಿ ಫೈಲ್‌ನಲ್ಲಿ ಇದಕ್ಕೆ ಅಂತ ಸೆಟ್ಟಿಂಗ್ ಇಲ್ಲ. ಹಿಸ್ಟರಿ-ಪ್ರಿಸರ್ವ್-ಪಾಯಿಂಟ್ ಅನ್ನುವ ಹೆಸರು ನೋಡಿ ನಾನೂ ಮೋಸಹೋಗಿದ್ದೆ. ಅದು ಬಾಣದ ಕೀಯಿಂದ ಒಂದೊಂದೇ ಸಾಲು ಹಿಂದೆ ಮುಂದೆ ಹೋಗುವಾಗ ಕರ್ಸರ್ ಜಾಗ ಉಳಿಸಿಕೊಳ್ಳಲು ಇರುವುದು.

ಇನ್ನು ಕೆಲವರು ಮೇಲಿನ ಬಾಣಕ್ಕೆ ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್ ಅನ್ನುವ ರೀಡ್‌ಲೈನ್ ಕಮಾಂಡ್ ಜೋಡಿಸಿಕೊಂಡಿರುತ್ತಾರೆ. ಸಾಲಿನ ಮೊದಲ ಎರಡು ಅಕ್ಷರ ಬರೆದು ಬಾಣ ಒತ್ತಿದರೆ ಅದರಿಂದ ಶುರುವಾಗುವ ಕಮಾಂಡ್ ಮಾತ್ರ ಬರುತ್ತದೆ, ತುಂಬಾ ಚೆನ್ನಾಗಿದೆ. ಆದರೆ ಕರ್ಸರ್ ಆ ಎರಡು ಅಕ್ಷರದ ಪಕ್ಕದಲ್ಲೇ ಉಳಿಯುತ್ತದೆ. ಇದರ ಹಿಂದೆಯೇ ಕಂಟ್ರೋಲ್-ಇ ಸೇರಿಸಿ ಒಂದು ಮ್ಯಾಕ್ರೋ (ಒಂದೇ ಕೀ ಒತ್ತಿದರೆ ಎರಡೂ ಕೆಲಸ ಆಗುವಂತೆ) ಮಾಡಿದರಾಯ್ತು ಅಂತ ನಾನು ಮಾಡಿ ನೋಡಿದೆ. ಮೊದಲ ಸಲ ಸರಿಯಾಗಿ ಬಂತು. ಎರಡನೇ ಸಲ ಬಾಣ ಒತ್ತಿದರೆ ಬರೀ ಬೀಪ್! ನಡುವೆ ಕಂಟ್ರೋಲ್-ಇ ಅನ್ನುವ ಬೇರೆ ಕಮಾಂಡ್ ಬಂದ ಕಾರಣ ರೀಡ್‌ಲೈನ್ ಹೊಸದಾಗಿ ಹುಡುಕಾಟ ಶುರು ಮಾಡುತ್ತದೆ, ಕರ್ಸರ್‌ಗಿಂತ ಮುಂಚೆ ಇರುವ ಇಡೀ ಸಾಲನ್ನೇ ಹುಡುಕುತ್ತದೆ. ಅಂಥದ್ದು ಇನ್ನೊಂದು ಎಲ್ಲಿ ಸಿಗಬೇಕು? ಸುಮ್ನೆ ಮ್ಯಾಕ್ರೋ ಕಿತ್ತುಹಾಕಿ, ಬೇಕಾದ ಸಾಲು ಸಿಕ್ಕ ಮೇಲೆ ಕೈಯಲ್ಲೇ ಕಂಟ್ರೋಲ್-ಇ ಒತ್ತುತ್ತೇನೆ.

ಬ್ಯಾಶ್ ಬದಲು ಜೆಡ್-ಶೆಲ್ ಅನ್ನುವ ಇನ್ನೊಂದು ಶೆಲ್ ಬಳಸುವವರಿಗೆ ಈ ತೊಂದರೆ ಇಲ್ಲ. ಅದರ ಜೊತೆಗೇ ಬರುವ ಹಿಸ್ಟರಿ-ಸರ್ಚ್-ಎಂಡ್ ಅನ್ನುವ ಫಂಕ್ಷನ್ ಕರ್ಸರ್ ಮೊದಲು ಎಲ್ಲಿತ್ತು ಅಂತ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಹುಡುಕುವ ಮುಂಚೆ ಅಲ್ಲಿಗೇ ವಾಪಸ್ ಹೋಗಿ, ಹುಡುಕಿ, ಮತ್ತೆ ಕೊನೆಗೆ ಬರುತ್ತದೆ.

ಅಂದಹಾಗೆ, ಮುಂದಕ್ಕೆ ಹುಡುಕಲು ಕಂಟ್ರೋಲ್-ಎಸ್ ಒತ್ತಿ ಟರ್ಮಿನಲ್ ಗಪ್‌ಚುಪ್ ಆದರೆ ಹೆದರಬೇಡಿ. ಕಂಟ್ರೋಲ್-ಕ್ಯೂ ಒತ್ತಿ, ಎದ್ದುಬಿಡುತ್ತದೆ.