6 ಜಿಬಿ ಕಡತ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ ಇಳಿಸಬೇಕೇ?

ಸುಮಾರು 6 ಜಿಬಿಯ ಉಬುಂಟು ಐಎಸ್‌ಒ (ಕಾರ್ಯಾಚರಣೆ ವ್ಯವಸ್ಥೆಯನ್ನು ಅನುಸ್ಥಾಪಿಸುವ ಕಡತ) ಬ್ರೌಸರಿನಲ್ಲಿ ಪ್ರತಿ ಸಲವೂ ಶೇ. 80ರ ಹತ್ತಿರ ಕಡಿದುಹೋಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟರೆ ಬೇರೆ ಗತಿಯಿಲ್ಲ, ಆದೇಶಗಳನ್ನು ಟೈಪಿಸುವ ಟರ್ಮಿನಲ್‌ನಲ್ಲಿ ದಾರಿಯಿದೆಯೇ ಎಂದು ಕೇಳಿದ್ದೀರಿ. ಇದೆ. ನಾನಿರುವುದು ಮಲೆನಾಡಿನಲ್ಲಿ, ಮಳೆಗಾಲ ಹಿಡಿದರೆ ಕರೆಂಟು, ಟವರು ಎರಡೂ ಕಣ್ಣಾಮುಚ್ಚಾಲೆ ಆಡುತ್ತವೆ. ದೊಡ್ಡ ಕಡತಕ್ಕೆ ಬ್ರೌಸರನ್ನು ನಂಬುವುದನ್ನು ಬಿಟ್ಟು ವರ್ಷಗಳಾದವು.

ನಿಮಗೆ ಕಡತ ಇಳಿಸುವ ಡಬ್ಲ್ಯುಗೆಟ್ ಎಂಬ ಆದೇಶ ಸಾಕು. ಆ ಹೆಸರಾದ ಮೇಲೆ ಜಾಗ ಬಿಟ್ಟು ಹೈಫನ್ ಹಾಕಿ ಸಣ್ಣಕ್ಷರದ ‘ಸಿ’ ಬರೆದು, ಮತ್ತೆ ಜಾಗ ಬಿಟ್ಟು ಕಡತದ ಕೊಂಡಿಯನ್ನು ಉದ್ಧರಣ ಚಿಹ್ನೆಯೊಳಗೆ ಅಂಟಿಸಿ. ನಡುವೆ ನಿಂತರೆ ಅದೇ ಫೋಲ್ಡರಿನಲ್ಲಿ ಅದೇ ಆದೇಶವನ್ನು ಮತ್ತೆ ಕೊಡಿ. ಈಗಾಗಲೇ ಇಳಿದಿರುವ ತುಂಡನ್ನು ಅಳೆದು, ‘ಇಷ್ಟು ಬೈಟ್ ನನ್ನಲ್ಲಿದೆ, ಮುಂದಿನದನ್ನು ಕೊಡು’ ಎಂದು ಅದು ಸರ್ವರನ್ನು ಕೇಳುತ್ತದೆ. ಪರದೆಯ ಮೇಲೆ 206 ಎಂದು ಕಂಡರೆ ಸರ್ವರ್ ಒಪ್ಪಿದೆ ಎಂದರ್ಥ. ‘ಸಿ’ ಮರೆತಿರೋ, ಹೆಸರಿನ ಕೊನೆಗೆ ‘.1’ ಅಂಟಿಸಿಕೊಂಡ ಇನ್ನೊಂದು ಕಡತ ಸೊನ್ನೆಯಿಂದ ಇಳಿಯತೊಡಗುತ್ತದೆ.

ಹಾಟ್‌ಸ್ಪಾಟಿನಲ್ಲಿ ನಿಜವಾದ ಕಾಟ ಬೇರೆ. ಸಂಪರ್ಕ ಕಡಿಯುವುದೂ ಇಲ್ಲ, ಒಂದು ಬೈಟ್ ಬರುವುದೂ ಇಲ್ಲ. ನಾವೇನೂ ಹೇಳದಿದ್ದರೆ ಡಬ್ಲ್ಯುಗೆಟ್ ಹೀಗೆ 900 ಸೆಕೆಂಡು, ಎಂದರೆ ಕಾಲು ಗಂಟೆ, ಬಾಯಿ ಬಿಟ್ಟುಕೊಂಡು ಕಾಯುತ್ತದೆ. ಹಾಗಾಗಿ ‘ಟೈಮ್‌ಔಟ್’ ಆಯ್ಕೆಗೆ 30 ಕೊಡಿ. ‘ಟ್ರೈಸ್’ ಆಯ್ಕೆಗೆ 0 ಕೊಟ್ಟರೆ ಪ್ರಯತ್ನಕ್ಕೆ ಮಿತಿಯಿರುವುದಿಲ್ಲ. ಇಲ್ಲದಿದ್ದರೆ 20 ಸಲಕ್ಕೆ ಕೈಚೆಲ್ಲುತ್ತದೆ.

ಕರ್ಲ್ ಎಂಬ ಇನ್ನೊಂದು ಆದೇಶವೂ ಈ ಕೆಲಸ ಮಾಡುತ್ತದೆ, ಆದರೆ ಅದರಲ್ಲಿ ದೊಡ್ಡಕ್ಷರದ ‘ಸಿ’ ಬರೆದು ಜಾಗ ಬಿಟ್ಟು ಇನ್ನೊಂದು ಹೈಫನ್ ಹಾಕಬೇಕು. ಏರಿಯಾ2 ಎಂಬ ಮತ್ತೊಂದು ಆದೇಶ ಒಂದೇ ಸರ್ವರಿನಿಂದ 16 ಸಂಪರ್ಕಗಳವರೆಗೆ ತೆರೆಯಬಲ್ಲದು. ಕಡತಗಳ ಪ್ರತಿ ಇಟ್ಟು ಪುಕ್ಕಟೆ ಹಂಚುವ ಮಿರರ್ ಸರ್ವರಿನ ಮೇಲೆ ಅದನ್ನು ಪ್ರಯೋಗಿಸುವುದೆಂದರೆ, ಮದುವೆ ಮನೆಯಲ್ಲಿ ಒಬ್ಬನೇ ಹದಿನಾರು ಎಲೆ ಹಾಕಿಸಿಕೊಂಡು ಕುಳಿತಂತೆ. ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. ಒಮ್ಮೆ ನನ್ನ ಡೌನ್‌ಲೋಡ್ ಮೂರು ಸಲವೂ ಸರಿಯಾಗಿ 4 ಜಿಬಿಗೆ ನಿಂತಿತು. ನೆಟ್‌ವರ್ಕಿಗೆ ಮನಸಾರೆ ಬೈದೆ. ತಪ್ಪು ನನ್ನದೇ: ನೇರವಾಗಿ ಪೆನ್‌ಡ್ರೈವಿಗೆ ಇಳಿಸುತ್ತಿದ್ದೆ, ಅದರಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ ಫ್ಯಾಟ್32. ಆ ವ್ಯವಸ್ಥೆಯಲ್ಲಿ 4 ಜಿಬಿಗಿಂತ ದೊಡ್ಡ ಕಡತಕ್ಕೆ ಜಾಗವೇ ಇಲ್ಲ. ನಿಮ್ಮದೂ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಮೊದಲು ಡಿಸ್ಕನ್ನು ನೋಡಿ.

ಪೂರ್ತಿ ಇಳಿದ ಮೇಲೆ ಗಾತ್ರ ನೋಡಿ ನೆಮ್ಮದಿಪಡಬೇಡಿ. ‘ಸಿ’ ನೋಡುವುದು ಉದ್ದವನ್ನು ಮಾತ್ರ. ನಡುವೆ ಸರ್ವರಿನಲ್ಲಿ ಅದೇ ಹೆಸರಿನ ಹೊಸ ಕಡತ ಬಂದಿದ್ದರೆ ಹಳೆಯ ತಲೆಗೆ ಹೊಸ ಬಾಲ ಅಂಟಿರುತ್ತದೆ. ಐಎಸ್‌ಒ ಇರುವ ಪುಟದಲ್ಲೇ ‘ಶಾ256ಸಮ್ಸ್’ ಎಂಬ ಪುಟ್ಟ ಕಡತವಿರುತ್ತದೆ, ಅದರಲ್ಲಿ ಮೂಲ ಐಎಸ್‌ಒದ ಬೆರಳಚ್ಚಿನಂಥ ಅಕ್ಷರಸಾಲು ಇರುತ್ತದೆ. ಅದನ್ನೂ ಇಳಿಸಿಕೊಂಡು, ನಿಮ್ಮ ಐಎಸ್‌ಒ ಮೇಲೆ ‘ಶಾ256ಸಮ್’ ಆದೇಶ ಕೊಟ್ಟಾಗ ಬರುವ 64 ಅಕ್ಷರಗಳ ಜೊತೆ ತಾಳೆ ನೋಡಿ. ಒಂದಕ್ಷರ ಹೊಂದದಿದ್ದರೂ ಆ ಐಎಸ್‌ಒ ಅಳಿಸಿಬಿಡಿ. ಆಗ ಮಾತ್ರ ಮೊದಲಿನಿಂದ ಇಳಿಸುವುದೇ ಸರಿ.