‘ನೀನು’ ಅನ್ನುವ ಠಾಣೆ, ‘ನೀವು’ ಅನ್ನುವ ಠಾಣೆ

ಪ್ರಶ್ನೆ: ಅಪ್ಪನಿಗೆ 68 ವರ್ಷ. ಬ್ಯಾಂಕಿನವರು ಅಂತ ಯಾರೋ ಫೋನ್ ಮಾಡಿ, ಓಟಿಪಿ ಕೇಳಿ, 40 ಸಾವಿರ ಎತ್ತಿಬಿಟ್ಟರು. ಸ್ಟೇಷನ್‌ಗೆ ಹೋದರೆ “ಏನಯ್ಯಾ, ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡ್ವಾ ನಿನಗೆ” ಅಂದರಂತೆ. ದೂರು ಕೊಡದೇ ವಾಪಸ್ ಬಂದರು. ದುಡ್ಡಿಗಿಂತ ಆ ಮಾತೇ ಅವರನ್ನು ಜಾಸ್ತಿ ಕೊರೆಯುತ್ತಿದೆ.
– ಓದುಗರು, ಹಾಸನ

ಉತ್ತರ: ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಈಗಲೇ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಸಾಧ್ಯತೆ ಇರುತ್ತದೆ. ಆಮೇಲೆ ನೀವೂ ಜೊತೆಗೆ ಹೋಗಿ ಲಿಖಿತ ದೂರು ಕೊಡಿ. ಇಂಥ ಮೋಸಕ್ಕೆ ಎಫ್‌ಐಆರ್ ಹಾಕಲೇಬೇಕು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಬರೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ.

ಇನ್ನು ಆ ಮಾತು. ನಮ್ಮ ಭಾಷೆಯಲ್ಲಿ ‘ನೀನು’ ಮತ್ತು ‘ನೀವು’ ನಡುವೆ ಎಷ್ಟು ದೂರ ಇದೆ ಅಂತ ಠಾಣೆಯ ಮೆಟ್ಟಿಲು ಹತ್ತಿದವರಿಗೇ ಗೊತ್ತು. ಆಗ ತಾನೇ ಮೋಸ ಹೋಗಿ, ಮನೆಯವರಿಗೆ ಹೇಗೆ ಮುಖ ತೋರಿಸಲಿ ಅಂತ ಕುಗ್ಗಿ ಬಂದ ಹಿರಿಯರಿಗೆ ಬೇಕಾಗಿದ್ದು ಒಂದು ಕುರ್ಚಿ, ಒಂದು ಲೋಟ ನೀರು, “ಹೇಳಿ ಯಜಮಾನ್ರೇ, ಯಾವಾಗ ಆಯ್ತು” ಅನ್ನುವ ಮಾತು. ಅದು ಸಿಕ್ಕಿದ್ದರೆ ದೂರು ಅವತ್ತೇ ದಾಖಲಾಗುತ್ತಿತ್ತು. ಸಿಗದೇ ಹೋಗಿದ್ದರಿಂದ ಲಾಭ ಆಗಿದ್ದು ಕಳ್ಳನಿಗೆ. ಮನಸ್ಸು ಅರಿತು ಮಾತಾಡುವುದು ಪೊಲೀಸ್ ಕೆಲಸದ ಮೇಲಿನ ಅಲಂಕಾರ ಅಲ್ಲ, ತನಿಖೆ ಶುರುವಾಗುವುದೇ ಅಲ್ಲಿಂದ. ಅಪ್ಪನಿಗೆ ಹೇಳಿ, ತಪ್ಪು ಅವರದಲ್ಲ.

ಪ್ರಶ್ನೆ: ನಾನು ಕಾನ್‌ಸ್ಟೆಬಲ್. ಹಗಲೆಲ್ಲ ಬಂದೋಬಸ್ತ್‌ನಲ್ಲಿ ನಿಂತು, ಎಲ್ಲರ ಮುಂದೆ ಸಾಹೇಬರಿಂದ ಬೈಸಿಕೊಂಡು ಬಂದವನಿಗೆ ‘ಜನಸ್ನೇಹಿ’ ಆಗು ಅಂದರೆ ಹೇಗೆ? ಮೆತ್ತಗಾದರೆ ಜನ ಮಾತು ಕೇಳುತ್ತಾರಾ?
– ಹೆಸರು ಬೇಡ

ಉತ್ತರ: ನಿಮ್ಮ ಮೊದಲ ಮಾತು ನೂರಕ್ಕೆ ನೂರು ಸರಿ. ಮೇಲಿನವರು ನಿಮ್ಮನ್ನು ಏಕವಚನದಲ್ಲಿ ಕರೆದರೆ ಅದೇ ಏಕವಚನ ಸಂಜೆ ಹೊತ್ತಿಗೆ ಕೌಂಟರ್ ದಾಟಿ ಜನರ ಮೇಲೆ ಬೀಳುತ್ತದೆ. ವಾರದ ರಜೆ ಸರಿಯಾಗಿ ಕೊಡದೇ ಸುಮ್ನೆ ಒಂದು ದಿನದ ತರಬೇತಿ ಕೊಟ್ಟರೆ ಏನೂ ಬದಲಾಗುವುದಿಲ್ಲ. ಇದನ್ನು ಅಧಿಕಾರಿಗಳು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಎರಡನೆಯದನ್ನು ಒಪ್ಪಲಾರೆ. 2019ರ ಡಿಸೆಂಬರ್ 19, ಬೆಂಗಳೂರಿನ ಟೌನ್‌ಹಾಲ್. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ, ಊರಿಗೆಲ್ಲ 144 ಸೆಕ್ಷನ್, ಅಂದರೆ ಗುಂಪು ಸೇರದಂತೆ ನಿಷೇಧಾಜ್ಞೆ. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ವಶಕ್ಕೆ ಪಡೆದದ್ದೂ ಅಲ್ಲೇ. ಜನ ಜಾಗ ಬಿಟ್ಟು ಕದಲದಿದ್ದಾಗ ಡಿಸಿಪಿ ಚೇತನ್ ಸಿಂಗ್ ರಾಥೋರ್ ಮೈಕ್ ಹಿಡಿದು ಮಾತಾಡಿ, ರಾಷ್ಟ್ರಗೀತೆ ಹಾಡಿದರು. ಜನ ಎದ್ದು ನಿಂತು ದನಿಗೂಡಿಸಿದರು, ಶಾಂತವಾಗಿ ಹೊರಟರು. ಲಾಠಿ ಬೀಸಿ ಚದುರಿಸಿದ್ದರೆ ಮಾರನೇ ದಿನ ಇಮ್ಮಡಿ ಜನ ಬರುತ್ತಿದ್ದರು ಅಲ್ವಾ?

ಆದರೆ ಇದನ್ನೂ ಹೇಳಬೇಕು. ಆ ನಿಷೇಧಾಜ್ಞೆಯೇ ಕಾನೂನುಬಾಹಿರ ಅಂತ 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಹೇಳಿತು. ಡಿಸಿಪಿ ಎಷ್ಟೇ ಚೆನ್ನಾಗಿ ನಡೆದುಕೊಂಡರೂ, ಅವತ್ತು ಅಲ್ಲಿ ಕೂರುವ ಹಕ್ಕು ಜನರಿಗಿತ್ತು.