ರಾಜೀನಾಮೆಯ ಮೇಲ್ ಕಳುಹಿಸಬೇಡಿ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 6 ವರ್ಷ 8 ತಿಂಗಳಿನಿಂದ ಟೀಮ್ ಲೀಡ್ ಆಗಿದ್ದೆ. ಕಳೆದ ಶುಕ್ರವಾರ ಸಂಜೆ ಎಚ್‌.ಆರ್. ವಿಭಾಗದವರು ಕರೆದು, ನನ್ನ ಹುದ್ದೆ ರದ್ದಾಗಿದೆ ಎಂದು ತಿಳಿಸಿ, ಮೂರು ತಿಂಗಳ ಸಂಬಳ ಪಡೆದು ‘ಯಾವ ಬಾಕಿಯೂ ಇಲ್ಲ, ಮುಂದೆ ದಾವೆ ಹೂಡುವುದಿಲ್ಲ’ ಎಂದು ಒಪ್ಪಿಕೊಳ್ಳುವ ಕಾಗದವನ್ನು ಮುಂದಿಟ್ಟರು. ಮನೆಯವರನ್ನು ಕೇಳಿ ಬರುತ್ತೇನೆಂದರೂ ಬಿಡಲಿಲ್ಲ, ಸಹಿ ಹಾಕಿದೆ. ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿರುವುದಾಗಿ ಮೇಲ್ ಕಳುಹಿಸಿದರೆ ಮಾತ್ರ ಹಣ, ರಿಲೀವಿಂಗ್ ಲೆಟರ್ ಕೊಡುತ್ತಾರಂತೆ. ನನಗೆ ಯಾವ ಹಕ್ಕೂ ಉಳಿದಿಲ್ಲವೇ?
— ಓರ್ವ ಮಹಿಳಾ ಓದುಗರು, ಬೆಂಗಳೂರು

ಉತ್ತರ: ಆ ಮೇಲ್ ಅನ್ನು ದಯವಿಟ್ಟು ಕಳುಹಿಸಬೇಡಿ. ಹಾಕಿದ ಸಹಿಗಿಂತ, ಇನ್ನೂ ಕೊಡದಿರುವ ರಾಜೀನಾಮೆಯೇ ನಿಮಗೆ ಹೆಚ್ಚು ಹಾನಿ ಮಾಡಬಲ್ಲದು. ಏಕೆಂದರೆ ಕಂಪನಿ ತೆಗೆದರೆ ಅದು ಉದ್ಯೋಗ ಕಡಿತ, ನೀವಾಗಿ ಬಿಟ್ಟರೆ ಪರಿಹಾರದ ಮಾತೇ ಬರುವುದಿಲ್ಲ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕರನ್ನು ಕಡಿತಗೊಳಿಸುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನವನ್ನೂ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನೂ ಕೊಡಬೇಕು. ಆರು ತಿಂಗಳು ಮೀರಿದ ಭಾಗವೂ ಒಂದು ವರ್ಷವೆಂದೇ ಲೆಕ್ಕವಾಗುವುದರಿಂದ ನಿಮ್ಮದು 7 ವರ್ಷ, ಅಂದರೆ 105 ದಿನ. ನೋಟಿಸ್ ತಿಂಗಳೂ ಸೇರಿದರೆ ಸುಮಾರು ನಾಲ್ಕೂವರೆ ತಿಂಗಳ ವೇತನ. ಮೂರು ತಿಂಗಳು ಕೊಡುವುದನ್ನು ಔದಾರ್ಯವೆಂದು ಭಾವಿಸಬೇಡಿ. ಗ್ರಾಚ್ಯುಟಿ, ಅಂದರೆ ಸೇವಾವಧಿಗಾಗಿ ಕೊಡುವ ಉಪದಾನ, ಇದರ ಜೊತೆಗೆ ಪ್ರತ್ಯೇಕವಾಗಿ ಸಿಗಬೇಕು: ಲೆಕ್ಕಕ್ಕೆ ಬರುವ ಮಾಸಿಕ ವೇತನ 52,000 ರೂಪಾಯಿ ಎಂದಿಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿ, 15 ಮತ್ತು 7ರಿಂದ ಗುಣಿಸಿದಾಗ 2,10,000 ರೂಪಾಯಿ. ಗ್ರಾಚ್ಯುಟಿ, ಪಿಎಫ್‌ಗಳನ್ನು ಯಾವ ಒಪ್ಪಂದವೂ ಕಸಿಯಲಾರದು.

ಸಹಿಯ ವಿಚಾರ. ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೇ ಪೂರ್ತಿಯಾಗಿ ತಡೆಯುವ ಕರಾರು, 1872ರ ಕರಾರು ಕಾಯ್ದೆಯ 28ನೇ ಕಲಮಿನಂತೆ ಅನೂರ್ಜಿತ. ಒತ್ತಡಕ್ಕೆ ಮಣಿದು ಕೊಟ್ಟ ಒಪ್ಪಿಗೆಯನ್ನು ರದ್ದುಗೊಳಿಸುವಂತೆ ಕೋರಲೂ ಅವಕಾಶವಿದೆ. ಆದರೆ ಒತ್ತಡವಿತ್ತೆಂದು ತೋರಿಸುವ ಹೊಣೆ ನಿಮ್ಮದು, ತಡಮಾಡಿದಷ್ಟೂ ಆ ಮಾತಿನ ತೂಕ ಇಳಿಯುತ್ತದೆ. ಆದ್ದರಿಂದ ಇಂದೇ ಕಂಪನಿಗೆ ಮೇಲ್ ಬರೆದು, ಶುಕ್ರವಾರ ಎಷ್ಟು ಹೊತ್ತಿಗೆ ಕರೆದರು, ಕೋಣೆಯಲ್ಲಿ ಯಾರಿದ್ದರು, ಕಾಲಾವಕಾಶ ಕೇಳಿದಾಗ ಏನೆಂದರು ಎಂಬುದನ್ನು ದಾಖಲಿಸಿ, ‘ನಾನು ರಾಜೀನಾಮೆ ನೀಡಿಲ್ಲ, ಖಾತೆಗೆ ಬರುವ ಹಣವನ್ನು ನನ್ನ ಹಕ್ಕುಗಳಿಗೆ ಬಾಧಕವಾಗದಂತೆ ಸ್ವೀಕರಿಸುತ್ತೇನೆ’ ಎಂದು ತಿಳಿಸಿ. ವೈಯಕ್ತಿಕ ವಿಳಾಸಕ್ಕೂ ಒಂದು ಪ್ರತಿ ಇರಲಿ, ಏಕೆಂದರೆ ಲ್ಯಾಪ್‌ಟಾಪ್ ಹಿಂದಿರುಗಿಸಿದ ಮೇಲೆ ಆ ಮೇಲ್ ನಿಮ್ಮ ಕೈಗೆ ಸಿಗದು. ನೇಮಕಾತಿ ಪತ್ರ, ಸಂಬಳದ ಚೀಟಿಗಳನ್ನೂ ಉಳಿಸಿಕೊಳ್ಳಿ. ಕಂಪನಿಯ ಗೋಪ್ಯ ಕಡತಗಳನ್ನು ಮುಟ್ಟಬೇಡಿ.

ನೀವು ‘ಕಾರ್ಮಿಕರು’ ಅಲ್ಲ ಎಂದು ಕಂಪನಿ ಖಂಡಿತ ವಾದಿಸುತ್ತದೆ. ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುತ್ತಿದ್ದ ಕೆಲಸ ಮುಖ್ಯ: ದಿನದ ಬಹುಪಾಲು ಕೋಡ್ ಬರೆಯುತ್ತಿದ್ದು, ನೇಮಕ, ರಜೆ ಮಂಜೂರಾತಿಯಂಥ ಅಧಿಕಾರ ನಿಮಗಿರದಿದ್ದರೆ ನಿಮ್ಮ ಪಕ್ಷ ಬಲವಾಗಿದೆ. ವ್ಯವಸ್ಥಾಪಕ ಹುದ್ದೆಯೆಂದೇ ತೀರ್ಮಾನವಾದರೆ ನೇಮಕಾತಿ ಪತ್ರದ ಷರತ್ತುಗಳೇ ಆಧಾರ, ಸಿವಿಲ್ ನ್ಯಾಯಾಲಯವೇ ದಾರಿ.

ಕಂಪನಿ ಮಣಿಯದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ದೂರು ನೀಡಿ. ಎರಡು ವರ್ಷ ಕಳೆದರೆ ಆ ಬಾಗಿಲು ಮುಚ್ಚುತ್ತದೆ. ವಕೀಲರ ಶುಲ್ಕಕ್ಕೆ ಹಿಂಜರಿಯಬೇಕಿಲ್ಲ: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ.